ಎಂಟೂವರೆಯೋ, ಹನ್ನೊಂದೋ

"ಮೇಸ್ತ್ರಿಗಳೇ, ಎಂಟೂವರೆ ಹಾಕಲೋ, ಹನ್ನೊಂದು ಹಾಕಲೋ?" ಎಂದು ಧರಣೇಂದ್ರ ಕೇಳಿದ.

ಅವನ ಮುಂದೆ ಗೋಣಿಚೀಲದ ಮೇಲೆ ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಎರಡು ಸಿಲಿಂಡರ್ ಹೆಡ್ ಮಲಗಿದ್ದವು. ಎರಡೂ ಅವನ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಂದುವಂಥವು. ಒಂದು, ಕಾರು ಹುಟ್ಟಿದಾಗ ಅದರ ಮೇಲಿದ್ದಂಥದ್ದೇ. ಎಂಟೂವರೆ ಪಾಲು ಗಾಳಿಯನ್ನೂ ಪೆಟ್ರೋಲನ್ನೂ ಅದುಮಿ ಒಂದು ಪಾಲು ಮಾಡುತ್ತದೆ. ಇನ್ನೊಂದು ಪಂದ್ಯದವರು ಹಾಕಿಕೊಳ್ಳುವಂಥದ್ದು. ಹನ್ನೊಂದು ಪಾಲನ್ನು ಒಂದಕ್ಕೆ ಅದುಮುತ್ತದೆ. ಹೆಚ್ಚು ಅದುಮಿದರೆ ಹೆಚ್ಚು ಬಲ. ಕಂಪ್ರೆಷನ್ ಎಂದು ಗ್ಯಾರೇಜಿನವರು ಹೇಳುವುದು ಇದಕ್ಕೇ. ಮುಂದಿನ ಭಾನುವಾರ ಬೆಟ್ಟದ ಓಟವಿತ್ತು. ಧರಣೇಂದ್ರನಿಗೆ ಊಟ ಸೇರುತ್ತಿರಲಿಲ್ಲ.

ಗುರುಮಲ್ಲಪ್ಪ ಗ್ಯಾರೇಜಿನ ಬಾಗಿಲಲ್ಲಿ ಕಾರಿನ ಸೀಟೊಂದರ ಮೇಲೆ ಕೂತಿದ್ದರು. ಕೈಯಲ್ಲಿ ಟೀ ಲೋಟ. ಸೀಟು ಧರಣೇಂದ್ರನ ಕಾರಿನದೇ, ಡ್ರೈವರನ ಪಕ್ಕದ್ದು. ತೂಕ ಇಳಿಸಬೇಕೆಂದು ಅವನೇ ಬಿಚ್ಚಿ ಹೊರಗೆ ಇಟ್ಟಿದ್ದ.

"ಸೀಟು ತೆಗೆದದ್ದಕ್ಕೇ ಕಾರು ಎಷ್ಟು ಹಗುರ ಆಯ್ತು ಗೊತ್ತಾ ನಿಮಗೆ?"

"ಪದ್ಮಲತ ಎಲ್ಲಿ ಕೂರ್ತಾಳೆ?"

"ಅವಳು ಬಸ್ಸಲ್ಲಿ ಬರ್ತಾಳೆ ಬಿಡಿ. ಹೆಂಡತಿ ಪಕ್ಕದಲ್ಲಿದ್ರೆ ಕಾರು ಓಡಿಸೋಕಾಗುತ್ತಾ? ಪ್ರತಿ ತಿರುವಿಗೂ 'ಬಂತು ಬಂತು' ಅಂತಾಳೆ."

"ಸೀಟು ಮೆತ್ತಗಿದೆ" ಎಂದು ಹೇಳಿ ಗುರುಮಲ್ಲಪ್ಪ ಒಂದು ಗುಟುಕು ಟೀ ಕುಡಿದರು.

"ಎಂಟೂವರೆಯೋ, ಹನ್ನೊಂದೋ?"

"ನೋಡು ಧರಣಿ, ಈ ಪ್ರಶ್ನೆಗೆ ಉತ್ತರ ಹೇಳೋ ಯೋಗ್ಯತೆ ಇರೋದು ಭೂಮಿ ಮೇಲೆ ನನಗೊಬ್ಬನಿಗೇ. ಹಿಂದೆ ಒಬ್ಬ ಮಹಾರಾಜರ ರೇಸು ಕಾರಿಗೆ ಹೆಡ್ಡು ಬಿಗಿದವನು ನಾನು. ಸ್ಪ್ಯಾನರ್ ಇಲ್ಲದೆ, ಬರಿಗೈಲಿ. ಅವರು ಮೆಚ್ಚಿ ಒಂದು ಆನೆ ಕೊಡ್ತೀನಿ ಅಂದ್ರು. ಕಟ್ಟೋಕೆ ಜಾಗ ಇಲ್ಲ, ಬೇಡ ಅಂದೆ."

ಧರಣೇಂದ್ರ ಅವರ ಮುಖವನ್ನೇ ನೋಡಿದ.

"ಸುಳ್ಳು" ಎಂದು ಗುರುಮಲ್ಲಪ್ಪ ಕೂಡಲೇ ಒಪ್ಪಿಕೊಂಡರು. "ಮಹಾರಾಜರ ಕಾಲಕ್ಕೆ ನಾನು ಹುಟ್ಟೇ ಇರಲಿಲ್ಲ. ಆದ್ರೆ ಆನೆ ಚೆನ್ನಾಗಿತ್ತು, ಅಲ್ವಾ?"

ಇದು ಹೊಸದಲ್ಲ. ಗ್ಯಾಸ್ಕೆಟ್ಟಿಗೆ ರಾಗಿ ಅಂಬಲಿ ಸವರಿದರೆ ಎಣ್ಣೆ ಸೋರುವುದಿಲ್ಲ ಎಂಬ ಮಾತು ನಂಬಿ ಧರಣೇಂದ್ರ ಒಮ್ಮೆ ಮನೆಯಿಂದ ಅಂಬಲಿ ಕಾಯಿಸಿಕೊಂಡು ಬಂದಿದ್ದ. ಗುರುಮಲ್ಲಪ್ಪ ಅದಕ್ಕೆ ಮಜ್ಜಿಗೆ, ಉಪ್ಪು ಬೆರೆಸಿಕೊಂಡು ಕುಡಿದು, ಹೊಟ್ಟೆ ತಂಪಾಯಿತು ಎಂದಿದ್ದರು. ಆದರೂ ಕೆಲಸ ಕಲಿತದ್ದು ಅವರ ಕೈ ಕೆಳಗೇ. ಈಗ ತನ್ನದೇ ಗ್ಯಾರೇಜು ಇದ್ದರೂ ದೊಡ್ಡ ಕೆಲಸ ಬಂದರೆ ಅವರನ್ನು ಕೇಳದೆ ನಟ್ಟು ಬಿಗಿಯುತ್ತಿರಲಿಲ್ಲ.

"ತಮಾಷೆ ಸಾಕು ಮೇಸ್ತ್ರಿಗಳೇ."

"ಸರಿ. ತಮಾಷೆ ಇಲ್ಲದ್ದು ಹೇಳ್ತೀನಿ, ಕೂತ್ಕೋ" ಎಂದು ಗುರುಮಲ್ಲಪ್ಪ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಅವನಿಗೊಬ್ಬ ಗೆಳೆಯ, ದರ್ಜಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ದಿನ ಸ್ಕೂಲು ಬಿಟ್ಟವರು. ವ್ಯಾಪಾರಿಯ ಬಳಿ ಒಂದು ವಿಲಾಯಿತಿ ಕಾರಿತ್ತು. ಎರಡೇ ಸೀಟು. ಬಣ್ಣ ಕೆಂಪು. ಹಸಿರು ಬೇಕಾದರೆ ಹಸಿರು ಅಂದುಕೋ, ಕತೆಗೇನೂ ಆಗುವುದಿಲ್ಲ. ಮೇಲಿನ ಬಟ್ಟೆಯ ಟಾಪನ್ನು ದರ್ಜಿಯೇ ಹೊಲಿದುಕೊಟ್ಟಿದ್ದ.

ವರ್ಷಕ್ಕೊಮ್ಮೆ ಅವರ ಕಡೆಯ ಬೆಟ್ಟದಲ್ಲಿ ಕಾರುಗಳ ಓಟ ನಡೆಯುತ್ತಿತ್ತು. ಕೆಳಗೆ ಸುಣ್ಣದ ಗೆರೆ ಎಳೆದು ಒಂದರ ಹಿಂದೆ ಒಂದು ಕಾರು ಬಿಡುತ್ತಿದ್ದರು. ಯಾರು ಕಮ್ಮಿ ಹೊತ್ತಿನಲ್ಲಿ ತುದಿ ಮುಟ್ಟಿದರೋ ಅವರಿಗೆ ಬಹುಮಾನದ ಕಪ್ಪು. ದಾರಿ ಮಣ್ಣಿನದು. ಮುಂದಿನ ಕಾರು ಎಬ್ಬಿಸಿದ ಧೂಳು ಇಳಿಯುವ ಮೊದಲೇ ಹಿಂದಿನದು ಹೊರಡಬೇಕು. ಓಡಿಸುವವನಿಗೆ ತನ್ನ ಬಾನೆಟ್ಟೇ ಕಾಣದು. ಆದ್ದರಿಂದ ಪಕ್ಕದಲ್ಲಿ ಒಬ್ಬ ಕೂತು ಮುಂದಿನ ತಿರುವು ಇಂಥದ್ದು ಎಂದು ಕೂಗಿ ಹೇಳಬೇಕು. ಬೇರೆಯವರು ತಿರುವುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು. ಧೂಳು ಕವಿದಾಗ ಚೀಟಿಯೂ ಕಾಣುತ್ತಿರಲಿಲ್ಲ, ಬಾಯಿ ತೆರೆದರೆ ಮಣ್ಣು. ವ್ಯಾಪಾರಿಯ ಪಕ್ಕದಲ್ಲಿ ದರ್ಜಿ ಕೂರುತ್ತಿದ್ದ. ಅವನ ಬಳಿ ಚೀಟಿ ಇರಲಿಲ್ಲ. ಸುಣ್ಣದ ಗೆರೆ ದಾಟಿದ ಕೂಡಲೇ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ದರ್ಜಿಗೆ ಬೆಟ್ಟ ಕಿವಿಯಲ್ಲಿತ್ತು. ಏರು ಸುರುವಾದಾಗ ಎಂಜಿನ್ನು ಏದುಸಿರು ಬಿಡುತ್ತಿತ್ತು. ಕಲ್ಲು ಮಂಟಪದ ಬಳಿ ಅದರ ದನಿ ತೀರಾ ಇಳಿಯುತ್ತಿತ್ತು. ವ್ಯಾಪಾರಿ ಗೇರು ಇಳಿಸುತ್ತಿದ್ದ. ಗೇರು ಇಳಿಸಿ ಎಂಜಿನ್ನು ಒಮ್ಮೆ ಗದರಿದರೆ, ಮುಂದಿನದು ಎಡಗಡೆಯ ಕಡಿದಾದ ತಿರುವು. ದೊಡ್ಡ ಬಂಡೆಯ ಪಕ್ಕ ಹೋಗುವಾಗ ಸದ್ದು ಬಂಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಬರುವುದು ನಿಂತರೆ ಬಂಡೆ ಮುಗಿಯಿತು, ಬಲಕ್ಕೆ ಹೊರಳಬೇಕು. ಹೀಗೆ ಬುಡದಿಂದ ತುದಿಯವರೆಗೆ. ಎಂಜಿನ್ನು ಎಲ್ಲಿ ದಣಿಯುತ್ತದೆ, ಎಲ್ಲಿ ಸುಧಾರಿಸಿಕೊಳ್ಳುತ್ತದೆ, ಅದೇ ಅವನಿಗೆ ದಾರಿ.

ಅವನು ತಿರುವುಗಳನ್ನು ಕರೆಯುತ್ತಿದ್ದುದು ಅಂಗಡಿಯ ಮಾತಿನಲ್ಲಿ. ಅಗಲವಾದ ತಿರುವು ಕಾಲರ್. ಹಿಂದಕ್ಕೇ ಮಡಚಿಕೊಳ್ಳುವ ತಿರುವು ಕಾಜಾ, ಗುಂಡಿ ತೂರಿಸುವ ತೂತಿನ ಹಾಗೆ ಇಕ್ಕಟ್ಟು. ತಗ್ಗು ಬಂದರೆ ಜೇಬು. ನೇರ ದಾರಿ ಸೀದಾ ಹೊಲಿಗೆ.

"ಕಾಲರ್ ಬಲಕ್ಕೆ! ಆಮೇಲೆ ಜೇಬು, ಕೈ ಹಾಕ್ಬೇಡ, ದಾಟಿ ಹೋಗು! ಕಾಜಾ ಎಡಕ್ಕೆ, ಮೆಲ್ಲಗೆ ತೂರ್ಸೋ, ಹರೀಬೇಡ!"

ಅವರು ಒಮ್ಮೆಯೂ ಗೆಲ್ಲಲಿಲ್ಲ. ಕಾರು ಹಳೆಯದು, ಬಲ ಕಮ್ಮಿ. ಮೂರನೆಯವರೋ ನಾಲ್ಕನೆಯವರೋ ಆಗಿ ಮೇಲೆ ಬಂದು, ಮರದ ಕೆಳಗೆ ಧೂಳು ಕೊಡವಿಕೊಂಡು, ಒಂದೇ ಕಾಗದದಲ್ಲಿ ಬೋಂಡ ತಿನ್ನುತ್ತಾ ಜಗಳವಾಡುತ್ತಿದ್ದರು.

"ಕಾಜಾ ಅಂದ್ರೆ ಅಂಗೀನೇ ಹರಿದ್ಯಲ್ಲೋ."

"ನೀನು ತಡವಾಗಿ ಅಂದೆ."

"ತಡ ನನ್ನ ಬಾಯಲ್ಲ, ನಿನ್ನ ಕಾಲು. ಮುಂದಿನ ಸಲ ನೀನು ಕೂಗು, ನಾನು ಓಡಿಸ್ತೀನಿ."

"ಕಣ್ಣು ಮುಚ್ಕೊಂಡಾ?"

"ನೀನು ಬಿಟ್ಕೊಂಡು ಓಡಿಸೋದಕ್ಕಿಂತ ವಾಸಿ."

ವ್ಯಾಪಾರಿ ವರ್ಷವೆಲ್ಲ ಕೊಬ್ಬರಿ ಮಾರುತ್ತಿದ್ದುದು ಈ ಜಗಳಕ್ಕಾಗಿ ಎಂದರೂ ತಪ್ಪಿಲ್ಲ.

ಆಮೇಲೆ ದರ್ಜಿಗೆ ಸಕ್ಕರೆ ಕಾಯಿಲೆ ಬಂತು. ಅದು ಕಣ್ಣಿಗೆ ಇಳಿಯಿತು. ಮೊದಲು ಸೂಜಿಯ ತೂತು ಕಾಣದಾಯಿತು. ಆಮೇಲೆ ಬಟ್ಟೆಯ ಮೇಲೆ ಎಳೆದ ಸೀಮೆಸುಣ್ಣದ ಗೆರೆ. ಆಮೇಲೆ ಎದುರಿಗೆ ನಿಂತವರ ಮುಖ. ವ್ಯಾಪಾರಿ ಅವನನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಉಳಿದದ್ದು ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ಮಾತ್ರ. ದರ್ಜಿ ಅಂಗಡಿ ಮುಚ್ಚಿದ. ಹೊಲಿಗೆ ಮೆಷೀನನ್ನು ಮನೆಯ ಜಗಲಿಗೆ ತರಿಸಿ, ಬೆರಳಿನಿಂದ ಅಂಚು ಹಿಡಿದು ದಿಂಬಿನ ಚೀಲ ಹೊಲಿಯತೊಡಗಿದ.

ಅದೇ ಹೊತ್ತಿಗೆ ಕಾರೂ ನಿಂತಿತು. ಹೆಡ್ಡಿನಲ್ಲಿ ಬಿರುಕು ಬಿಟ್ಟು ನೀರು ಎಣ್ಣೆಗೆ ಇಳಿಯಿತು. ಎಣ್ಣೆ ಅಳೆಯುವ ಕಡ್ಡಿ ಎಳೆದರೆ ಗಟ್ಟಿ ಮಜ್ಜಿಗೆಯಂಥದ್ದು ಅಂಟಿಕೊಂಡು ಬರುತ್ತಿತ್ತು. ವ್ಯಾಪಾರಿ ಅದರ ಮೇಲೆ ಟಾರ್ಪಾಲು ಹೊದಿಸಿ ಸುಮ್ಮನಾದ. ಕೂಗುವವನಿಲ್ಲದ ಮೇಲೆ ಓಡುವುದು ಏಕೆ ಎಂದು ಅವನಿಗೆ ಅನಿಸಿತ್ತು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ದರ್ಜಿ ಮೆಷೀನು ನಿಲ್ಲಿಸಿ ಹೇಳಿದ:

"ಸಾವ್ಕಾರ್ರೇ, ಬೆಟ್ಟ ಇನ್ನೂ ಇದೆ ಕಣೋ."

"ಎಲ್ಲಿ ಹೋಗುತ್ತೆ ಬೆಟ್ಟ?"

"ಅಲ್ಲಿರೋದಲ್ಲ. ಇಲ್ಲಿ" ಎಂದು ದರ್ಜಿ ಕಿವಿ ಮುಟ್ಟಿಕೊಂಡ. "ದಿನಾ ಊಟ ಆದ್ಮೇಲೆ ಕಣ್ಣು ಮುಚ್ಚಿ ಕೂತ್ಕೋತೀನಿ. ನನಗೆ ಮುಚ್ಚಿದ್ರೂ ಒಂದೇ, ಬಿಟ್ರೂ ಒಂದೇ ಅನ್ನು. ನಿನ್ನ ಕಾರು ಸ್ಟಾರ್ಟ್ ಆಗುತ್ತೆ. ಕೆಳಗಿಂದ ಮೇಲಿನವರೆಗೂ ಹತ್ತಿ ಬರ್ತೀನಿ. ಒಂದು ಕಾಜಾನೂ ತಪ್ಪಲ್ಲ. ಮೇಲೆ ಬಂದ್ರೆ ಬೋಂಡದ ವಾಸನೆ ಕೂಡ ಬರುತ್ತೆ."

ವ್ಯಾಪಾರಿ ಹೊಲಿದು ಬಿದ್ದಿದ್ದ ದಿಂಬಿನ ಚೀಲವೊಂದನ್ನು ಮಡಚಿಟ್ಟ.

"ಕಾರು ರಿಪೇರಿ ಮಾಡ್ಸೋ. ಇನ್ನೊಂದೇ ಒಂದು ಸಲ ಪಕ್ಕದಲ್ಲಿ ಕೂರಿಸ್ಕೊಂಡು ಹತ್ತು. ನಾನು ಕೂಗ್ತೀನಿ. ಧೂಳಲ್ಲಿ ನಿನಗೂ ಕಾಣಲ್ಲ, ನನಗೂ ಕಾಣಲ್ಲ. ಇಬ್ಬರೂ ಸಮ."

ಕೇಳಿದ್ದು ಅಷ್ಟೇ. ಕಪ್ಪು ಬೇಕು ಎನ್ನಲಿಲ್ಲ. ಗೆಲ್ಲಬೇಕು ಎನ್ನಲಿಲ್ಲ. ಇದನ್ನು ಮರೆಯಬೇಡ ಧರಣಿ. ವ್ಯಾಪಾರಿ ಮರೆತ.

ಅವನು ದೊಡ್ಡ ಊರಿಗೆ ಹೋಗಿ ಒಂದು ಮೆಷೀನ್ ಶಾಪಿನ ಮುಂದೆ ನಿಂತ. ಬಿರುಕು ಬಿಟ್ಟ ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಶಾಪಿನವನು ಅದನ್ನು ತಿರುಗಿಸಿ ನೋಡಿ, ಬಿರುಕು ಸಣ್ಣದು, ಲೋಹದಲ್ಲೇ ಹೊಲಿಗೆ ಹಾಕಿ ಮುಚ್ಚಬಹುದು, ಇನ್ನೂ ಕೆಲವು ವರ್ಷ ಬರುತ್ತದೆ ಎಂದ. ವ್ಯಾಪಾರಿಗೆ ಆ ಮಾತು ಹಿಡಿಸಲಿಲ್ಲ. ಗೆಳೆಯನ ಕಡೆಯ ಓಟಕ್ಕೆ ತೇಪೆ ಹಾಕಿದ ಹೆಡ್ಡೇ? ಬೇಡ ಎಂದ. ಆಗ ಶಾಪಿನವನು ಮೇಜಿನ ಮೇಲೆ ಎರಡು ಹೆಡ್ ತಂದಿಟ್ಟ. ಈಗ ನಿನ್ನ ಮುಂದೆ ಇವೆಯಲ್ಲ, ಹಾಗೆಯೇ. ಒಂದು ಎಂಟೂವರೆಯದು. ಇನ್ನೊಂದು ಹನ್ನೊಂದರದು, ದೊಡ್ಡ ವಾಲ್ವಿನದು, ಒಳಗೆಲ್ಲ ಕನ್ನಡಿಯ ಹಾಗೆ ಉಜ್ಜಿದ್ದು.

"ಇದು ನಿಮ್ಮ ಹಳೇ ಹೆಡ್ಡಿನ ಒಡಹುಟ್ಟಿದ್ದು ಸಾರ್. ಅದೇ ದನಿ, ಅದೇ ಹಟ" ಎಂದು ಶಾಪಿನವನು ಮೊದಲನೆಯದನ್ನು ತೋರಿಸಿದ. "ಹನ್ನೊಂದರದು ಬೇರೆ ಮನೆತನ. ಏರು ಬಂತು ಅನ್ನೋದೇ ನಿಮಗೆ ಗೊತ್ತಾಗಲ್ಲ."

ಏರು ಬಂದದ್ದೇ ಗೊತ್ತಾಗುವುದಿಲ್ಲ. ವ್ಯಾಪಾರಿಗೆ ಆ ಮಾತು ಸಕ್ಕರೆಯ ಹಾಗೆ ಹತ್ತಿತು. ಅವನ ಕಣ್ಣ ಮುಂದೆ ಬಂದದ್ದು ಗೆದ್ದವರಿಗೆ ಕೊಡುವ ಕಪ್ಪು. ಅದನ್ನು ದರ್ಜಿಯ ಕೈಯಲ್ಲಿ ಇಡುತ್ತಾನೆ. ಕಣ್ಣಿಗೆ ಕಾಣದಿದ್ದರೂ ಕೈಗೆ ತೂಕ ತಿಳಿಯುತ್ತದಲ್ಲ. ಇಷ್ಟು ವರ್ಷ ಕೂಗಿ ಕೂಗಿ ಗಂಟಲು ಹರಿದುಕೊಂಡವನಿಗೆ ಒಮ್ಮೆಯಾದರೂ ಗೆಲುವು ಬೇಡವೇ? ಅವನ ಮನಸ್ಸಿನಲ್ಲಿ ಸ್ವಾರ್ಥವಿರಲಿಲ್ಲ. ಕತೆಯ ಕಷ್ಟವೂ ಅದೇ. ಸ್ವಾರ್ಥವಿದ್ದಿದ್ದರೆ ಬೈದು ಮುಗಿಸಬಹುದಿತ್ತು.

"ಒಬ್ಬರೇ ಓಡಿಸ್ತೀರಾ ಸಾರ್?"

"ಇಲ್ಲ. ಪಕ್ಕದಲ್ಲಿ ಗೆಳೆಯ ಇರ್ತಾನೆ."

"ಅವರು ಯಾವುದು ಅಂತಾರೆ?"

"ಅವನಿಗೆ ಹೇಳಲ್ಲ. ಅವತ್ತೇ ಗೊತ್ತಾಗ್ಲಿ, ಖುಷಿಪಡ್ತಾನೆ."

ಹನ್ನೊಂದನ್ನು ಗೋಣಿಯಲ್ಲಿ ಸುತ್ತಿಸಿಕೊಂಡ. ಹಳೆಯ ಹೆಡ್ಡನ್ನು ಅಲ್ಲೇ ಬಿಟ್ಟ. ತಿರುಗಿ ಕೂಡ ನೋಡಲಿಲ್ಲ.

ಕೆಲಸ ಚೆನ್ನಾಗಿ ನಡೆಯಿತು. ಹನ್ನೊಂದಕ್ಕೆ ಸಾಮಾನ್ಯ ಪೆಟ್ರೋಲು ಹಾಕಿದರೆ ಅದು ಹೊತ್ತಿಗೆ ಮೊದಲೇ ಉರಿದು ಎಂಜಿನ್ನು ಕಟಕಟ ಎನ್ನುತ್ತದೆ, ಪಿಸ್ಟನ್ ತೂತು ಬೀಳುತ್ತದೆ. ವ್ಯಾಪಾರಿಗೆ ಅದು ಗೊತ್ತಿತ್ತು. ದೊಡ್ಡ ಊರಿನಿಂದ ಒಳ್ಳೆಯ ಪೆಟ್ರೋಲನ್ನು ಕ್ಯಾನುಗಳಲ್ಲಿ ತರಿಸಿದ. ಕಿಡಿ ಹತ್ತುವ ಹೊತ್ತನ್ನು ಹೊಂದಿಸಿದರು. ಗ್ಯಾಸ್ಕೆಟ್ಟಿಗೆ ಯಾರೂ ಅಂಬಲಿ ಸವರಲಿಲ್ಲ.

ಧರಣೇಂದ್ರ ನಗಲಿಲ್ಲ. "ಆಮೇಲೆ?" ಎಂದ.

ದರ್ಜಿ ಆ ದಿನಗಳಲ್ಲಿ ಮಗುವಿನ ಹಾಗೆ ಆಗಿದ್ದ. ಗೋಡೆ ಹಿಡಿದುಕೊಂಡು ಗ್ಯಾರೇಜಿನವರೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಒಂದು ಸಲ ಸ್ಟಾರ್ಟ್ ಮಾಡೋ. ಗಂಟಲು ಹೇಗಿದೆ ಕೇಳಿ ಹೋಗ್ತೀನಿ."

"ಅವತ್ತೇ ಕೇಳು."

"ಈಗ ಕೇಳಿದ್ರೆ ಸವೆದುಹೋಗುತ್ತಾ?"

"ಮದುವೆ ಹೆಣ್ಣನ್ನ ಮೊದಲೇ ತೋರಿಸ್ತಾರೇನೋ? ಹೋಗು ಮನೆಗೆ."

ದರ್ಜಿ ನಗುತ್ತಾ ಹೋಗುತ್ತಿದ್ದ. ಒಮ್ಮೆ ಸ್ಟಾರ್ಟ್ ಮಾಡಿದ್ದರೆ ಸಾಕಿತ್ತು. ಅವನು ಅಲ್ಲೇ ನಿಂತು, ಇದು ನಮ್ಮ ಕಾರಲ್ಲವಲ್ಲೋ ಎನ್ನುತ್ತಿದ್ದ. ಇನ್ನೂ ಹೊತ್ತಿತ್ತು. ಹೆಡ್ಡು ಬದಲಿಸಬಹುದಿತ್ತು. ಇಲ್ಲವೇ ಹೊಸ ದನಿಯನ್ನೇ ಅವನು ಕಲಿಯಬಹುದಿತ್ತು, ಕಿವಿ ಅಂಥದ್ದು. ಆದರೆ ವ್ಯಾಪಾರಿ ತನ್ನ ಕೈಯಾರೆ ಆ ಬಾಗಿಲು ಮುಚ್ಚಿದ. ಪ್ರೀತಿಯಿಂದಲೇ ಮುಚ್ಚಿದ.

ಓಟದ ದಿನ ಬಂತು. ದರ್ಜಿ ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ಅಂಗಿ ಹೊಲಿದು ತಂದಿದ್ದ. ಕಣ್ಣು ಹೋದ ಮೇಲೆ ಅವನು ಹೊಲಿದ ಮೊದಲ ಅಂಗಿಗಳು. ವ್ಯಾಪಾರಿಯ ಅಂಗಿಯ ಒಂದು ತೋಳು ಉದ್ದ.

"ಸರಿಯಾಗಿದೆಯೇನೋ?"

"ಅಳತೆ ತಗೊಂಡ ಹಾಗಿದೆ" ಎಂದು ವ್ಯಾಪಾರಿ ಉದ್ದದ ತೋಳನ್ನು ಮಡಚಿಕೊಂಡ.

ಅವನನ್ನು ಕೈ ಹಿಡಿದು ಎಡಗಡೆಯ ಸೀಟಿನಲ್ಲಿ ಕೂರಿಸಿದ. ದರ್ಜಿ ಸೀಟಿನ ಅಂಚನ್ನು ಸವರಿ ನೋಡಿದ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಗಂಟಲು ಸರಿಮಾಡಿಕೊಂಡ. ಯಾರು ಮೊದಲು ಹೊರಡಬೇಕು ಎಂದು ಚೀಟಿ ಎತ್ತಿದಾಗ ಅವರದೇ ಮೊದಲ ಕಾರು ಎಂದು ಬಂತು. ಮುಂದೆ ಯಾರೂ ಇಲ್ಲ, ಧೂಳಿಲ್ಲ. ವ್ಯಾಪಾರಿಗೆ ದಾರಿ ಬೆಳ್ಳಗೆ ಕಾಣುತ್ತಿತ್ತು. ಅದೃಷ್ಟ ಎಂದುಕೊಂಡ.

ಎಂಜಿನ್ನು ಸ್ಟಾರ್ಟ್ ಆಯಿತು. ದರ್ಜಿ ತಲೆ ಸ್ವಲ್ಪ ಓರೆ ಮಾಡಿದ.

"ಶೀತ ಆಗಿದೆಯಾ ಇದಕ್ಕೆ?"

"ಶೀತ ಬಿಟ್ಟಿದೆ. ಈಗ ನೋಡು."

ನಿಶಾನೆ ಬಿತ್ತು. ಕಾರು ಹಾರಿತು. ಅರ್ಧ ದಾರಿಗೆ ಬಂದಾಗ ಒಂದು ಹುಲಿ ಅಡ್ಡ ಬಂತು.

"ಹುಲಿನಾ?" ಎಂದು ಧರಣೇಂದ್ರ ತಡೆದ.

"ಇಲ್ಲ ಬಿಡು" ಎಂದರು ಗುರುಮಲ್ಲಪ್ಪ. "ಬರಬೇಕಿತ್ತು. ಬಂದಿದ್ರೆ ಓಟ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನದನ್ನ ನಾನು ಹೇಳಬೇಕಾಗಿರಲಿಲ್ಲ."

ಲೋಟದ ತಳದಲ್ಲಿದ್ದ ಟೀಯನ್ನು ಅವರು ಒಮ್ಮೆ ತಿರುಗಿಸಿ ನೋಡಿದರು. ಕುಡಿಯಲಿಲ್ಲ.

ಮೊದಲ ತಿರುವು ಕಾಲರ್ ಬಲಕ್ಕೆ. ದರ್ಜಿ ಅದನ್ನು ಕೂಗಿದಾಗ ಕಾರು ಅದನ್ನು ದಾಟಿ ಆಗಿತ್ತು. ವ್ಯಾಪಾರಿ ನಕ್ಕ. "ಬೇಗ ಕೂಗೋ!" ಎಂದ. ದರ್ಜಿ ಮುಂದಕ್ಕೆ ಬಾಗಿದ. ಮಂಟಪದ ಬಳಿ ಎಂಜಿನ್ನಿನ ದನಿ ಇಳಿಯುವುದನ್ನು ಅವನು ಕಾದ. ಅದು ಇಳಿಯಲಿಲ್ಲ. ಗೇರು ಇಳಿಸುವ ಸದ್ದಿಗೆ ಕಾದ. ವ್ಯಾಪಾರಿ ಇಳಿಸಲಿಲ್ಲ, ಇಳಿಸುವ ಅಗತ್ಯ ಬೀಳಲಿಲ್ಲ. ಎಡಗಡೆಯ ಕಾಜಾ ಬಂತು, ಹೋಯಿತು. ದರ್ಜಿಯ ಮೈ ತೂಗಿ ವ್ಯಾಪಾರಿಯ ಭುಜಕ್ಕೆ ಬಡಿಯಿತು. ಅವನಿಗೆ ಅದು ಯಾವ ತಿರುವು ಎಂದು ತಿಳಿಯಲಿಲ್ಲ.

"ಜೇಬು!" ಎಂದು ಕೂಗಿದ. ಆಗ ಅವರು ಸೀದಾ ಹೊಲಿಗೆಯ ಮೇಲಿದ್ದರು.

"ಕಾಜಾ ಎಡಕ್ಕೆ!" ಎಂದು ಕೂಗಿದ. ಅದು ಬಲಕ್ಕಿತ್ತು.

"ಕಾಲರ್..." ಎಂದ. ಕೂಗು ಅರ್ಧಕ್ಕೇ ನಿಂತಿತು.

ಆಮೇಲೆ ಕೂಗಲಿಲ್ಲ. ಕೈಗಳನ್ನು ಮೊಣಕಾಲ ಮೇಲಿನಿಂದ ತೆಗೆದು ಸೀಟಿನ ಅಂಚು ಹಿಡಿದುಕೊಂಡ. ಬಂಡೆಗೆ ಬಡಿದ ಸದ್ದು ವಾಪಸ್ಸು ಬಂದದ್ದು ನಿಜ. ಆದರೆ ಅದು ಬಂದು ಹೋದ ವೇಗಕ್ಕೆ ಯಾರೋ ಕಪಾಳಕ್ಕೆ ಹೊಡೆದ ಹಾಗಿತ್ತು. ವ್ಯಾಪಾರಿ ಪಕ್ಕಕ್ಕೆ ನೋಡಲಿಲ್ಲ. ನೋಡುವ ಹಾಗಿರಲಿಲ್ಲ, ಕಾರು ಅಂಥ ಓಟದಲ್ಲಿತ್ತು. ಗೆಳೆಯ ಸುಮ್ಮನಿದ್ದಾನೆ, ಖುಷಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡ. ಅವನಿಗೆ ಕೂಗು ಬೇಕಾಗಿಯೂ ಇರಲಿಲ್ಲ. ಕಣ್ಣಿಗೆ ಎಲ್ಲ ಕಾಣುತ್ತಿತ್ತಲ್ಲ.

ಅವರು ಗೆದ್ದರು. ಆ ಬೆಟ್ಟದಲ್ಲಿ ಅಷ್ಟು ಬೇಗ ಯಾರೂ ಮೇಲೆ ಬಂದಿರಲಿಲ್ಲ. ಜನ ವ್ಯಾಪಾರಿಯನ್ನು ಎತ್ತಿ ಕುಣಿಸಿದರು. ಅವನು ಬಿಡಿಸಿಕೊಂಡು ಓಡಿಬಂದು, ಮರದ ಕೆಳಗೆ ಕೂರಿಸಿದ್ದ ದರ್ಜಿಯ ಕೈಯಲ್ಲಿ ಕಪ್ಪನ್ನು ಇಟ್ಟ. ಯೋಚಿಸಿದ್ದ ಹಾಗೆಯೇ ಇಟ್ಟ.

ದರ್ಜಿ ಕಪ್ಪಿನ ಸುತ್ತ ಬೆರಳಾಡಿಸಿದ. ಹಿಡಿಯ ಹಾಗಿದ್ದ ಅದರ ಎರಡು ಕಿವಿಗಳನ್ನು ಮುಟ್ಟಿದ, ಬುಡ ಮುಟ್ಟಿದ, ತೂಗಿ ನೋಡಿದ.

"ಭಾರ ಇದೆ" ಎಂದ.

"ನಿಂದೇ ಕಣೋ ಅದು."

ದರ್ಜಿ ಗಾಳಿಯ ಕಡೆಗೆ ಮುಖ ಎತ್ತಿದ. ಬೋಂಡ ಕರಿಯುವ ವಾಸನೆ ಬರುತ್ತಿತ್ತು. ದನಿ ತಗ್ಗಿಸಿ, ಬೇರೆಯವರಿಗೆ ಕೇಳಿಸಬಾರದು ಎನ್ನುವ ಹಾಗೆ ಕೇಳಿದ:

"ಲೋ, ಇದು ಯಾವ ಬೆಟ್ಟ?"

ವ್ಯಾಪಾರಿ ನಗಲು ಹೋದ. ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡ. ಗೆಳೆಯನ ಮುಖ ನೋಡಿದ ಮೇಲೆ ನಗು ಬಾಯಲ್ಲೇ ಉಳಿಯಿತು. ಆ ದಿನ ಅವರು ಜಗಳವಾಡಲಿಲ್ಲ. ಬೋಂಡ ಆರಿಹೋಯಿತು.

ಮಾರನೆಯ ದಿನವೇ ವ್ಯಾಪಾರಿ ಮೆಷೀನ್ ಶಾಪಿಗೆ ಹೋದ. ಹಳೆಯ ಹೆಡ್ಡು ಕೊಡಿ, ಹೊಲಿಗೆ ಹಾಕಿಸಿಕೊಳ್ಳುತ್ತೇನೆ ಎಂದ. ಅದು ಎಂದೋ ಗುಜರಿಯವರ ಜೊತೆ ಹೋಗಿ ಫೌಂಡ್ರಿಯಲ್ಲಿ ಕರಗಿತ್ತು. ಈಗ ಯಾವ ಬಾವಿಯ ರಾಟೆಯಾಗಿದೆಯೋ ಎಂದು ಶಾಪಿನವನು ಕೈ ಚೆಲ್ಲಿದ. ಎಂಟೂವರೆಯದು ಇನ್ನೂ ಅಲ್ಲೇ ಇತ್ತು. ವ್ಯಾಪಾರಿ ಅದನ್ನೇ ತಂದು ಹಾಕಿಸಿದ. ಹನ್ನೊಂದನ್ನು ಬಿಚ್ಚಿ ಎಸೆದ. ಸ್ಟಾರ್ಟ್ ಮಾಡಿ ಕೇಳಿದ. ಅದೇ ದನಿ, ಅದೇ ಹಟ. ಕಾರನ್ನು ದರ್ಜಿಯ ಮನೆಯ ಮುಂದೆ ತಂದು ನಿಲ್ಲಿಸಿ, ಎಂಜಿನ್ನು ಆರಿಸದೆಯೇ ಕರೆದ.

"ಬಾರೋ. ಕೇಳಿಸ್ತಾ? ನಮ್ಮದೇ. ಓಟ ಬೇಡ, ಕಪ್ಪು ಬೇಡ, ಸುಮ್ಮನೆ ಹತ್ತಿ ಬರೋಣ."

ದರ್ಜಿ ಜಗಲಿಯಲ್ಲಿ ಮೆಷೀನು ನಿಲ್ಲಿಸಿ ಕೇಳಿದ. ಬಹಳ ಹೊತ್ತು ಕೇಳಿದ. ಗುರುತು ಹತ್ತಿತು ಎನ್ನುವುದು ಅವನ ಮುಖದಲ್ಲೇ ಕಂಡಿತು.

"ಹೌದು ಕಣೋ, ನಮ್ಮದೇ"  ಎಂದ. "ಆದ್ರೆ ಬೇಡ ಬಿಡು."

"ಯಾಕೋ?"

"ನನ್ನ ಹತ್ರ ಒಂದು ಬೆಟ್ಟ ಇತ್ತು. ಈಗ ಎರಡಾಗಿದೆ. ಕಣ್ಣು ಮುಚ್ಚಿದ್ರೆ ಒಂದಕ್ಕೊಂದು ಕಲಸಿಕೊಳ್ಳುತ್ತೆ. ಮಂಟಪ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ನನಗೇ ಗೊತ್ತಾಗಲ್ಲ. ಅಲ್ಲೇ ನಿಂತುಬಿಡ್ತೀನಿ. ಮೇಲಿನವರೆಗೂ ಹೋಗಕ್ಕೇ ಆಗ್ತಿಲ್ಲ."

"ಮತ್ತೆ ಹತ್ತಿದ್ರೆ ಸರಿಹೋಗುತ್ತೆ."

"ಮೂರಾಗುತ್ತೆ" ಎಂದು ದರ್ಜಿ ನಕ್ಕ. "ಹೋಗ್ಲಿ ಬಿಡೋ. ನೀನು ಒಳ್ಳೇದಕ್ಕೇ ಮಾಡ್ದೆ. ಕೊಬ್ಬರಿ ರೇಟು ಏನಾಯ್ತು, ಹೇಳು."

ವ್ಯಾಪಾರಿ ಕೊಬ್ಬರಿ ರೇಟು ಹೇಳಿದ. ಹೊರಗೆ ಎಂಜಿನ್ನು ಓಡುತ್ತಲೇ ಇತ್ತು. ಆಮೇಲೆ ಹೋಗಿ ಆರಿಸಿ ಬಂದ.

ಅವರು ಗೆಳೆಯರಾಗಿಯೇ ಉಳಿದರು. ದಿನವೂ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ಬೆಟ್ಟದ ಮಾತು ಮಾತ್ರ ಬರುತ್ತಿರಲಿಲ್ಲ. ಕಪ್ಪನ್ನು ದರ್ಜಿ ಮೆಷೀನಿನ ಪಕ್ಕ ಇಟ್ಟುಕೊಂಡು ಅದರಲ್ಲಿ ಗುಂಡಿಗಳನ್ನು ತುಂಬಿಸಿದ್ದ. ಬೆರಳು ಹಾಕಿದರೆ ಸಿಗುತ್ತವೆ, ಅನುಕೂಲ ಎನ್ನುತ್ತಿದ್ದ. ವ್ಯಾಪಾರಿ ಆಗೀಗ ಒಬ್ಬನೇ ಕಾರು ತೆಗೆದುಕೊಂಡು ಬೆಟ್ಟ ಹತ್ತುತ್ತಿದ್ದ. ಮಂಟಪದ ಬಳಿ ಎಂಜಿನ್ನಿನ ದನಿ ಇಳಿಯುತ್ತಿತ್ತು. ಗೇರು ಇಳಿಸಿ, ಪಕ್ಕದ ಖಾಲಿ ಸೀಟಿನ ಕಡೆಗೆ ತಿರುಗಿ, "ಕಾಜಾ ಎಡಕ್ಕೆ" ಎಂದು ತಾನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ತಡ ಆಯ್ತು ಎಂದು ಜಗಳವಾಡಲು ಯಾರೂ ಇರುತ್ತಿರಲಿಲ್ಲ. ಕತೆ ಇಷ್ಟೇ.

ಗುರುಮಲ್ಲಪ್ಪ ಆರಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು. ಧರಣೇಂದ್ರ ಗೋಣಿಚೀಲದ ಮೇಲಿನ ಎರಡು ಹೆಡ್ಡುಗಳನ್ನು ನೋಡುತ್ತಾ ಕೂತಿದ್ದ.

"ಇದರಲ್ಲಿ ಸುಳ್ಳೆಷ್ಟು ಮೇಸ್ತ್ರಿಗಳೇ?"

"ಹುಲಿ. ಮತ್ತೆ ಕಾರಿನ ಬಣ್ಣ."

"ಹಾಗಾದ್ರೆ ಎಂಟೂವರೆ ಹಾಕು ಅಂತೀರಾ?"

"ನಾನೆಲ್ಲಿ ಹಾಗಂದೆ? ಹನ್ನೊಂದು ಒಳ್ಳೇ ಹೆಡ್ಡು. ಆ ವ್ಯಾಪಾರಿಗೆ ಗೆಲ್ಲಿಸಿಕೊಟ್ಟದ್ದು ಅದೇ ಅಲ್ವಾ?"

ಅವರು ಸೀಟಿನಿಂದ ಎದ್ದು ನಿಂತರು. ಕೂತಿದ್ದ ಜಾಗವನ್ನು ಅಂಗೈಯಿಂದ ಒರೆಸಿದರು. ಹೊಲಿಗೆಯ ಸಂದಿನಲ್ಲಿ ಬೆರಳು ತೂರಿಸಿ, ಹೆಂಗಸರು ಮುಡಿಗೆ ಸಿಕ್ಕಿಸುವ ಒಂದು ತಲೆಪಿನ್ನು ಹೊರಗೆ ತೆಗೆದರು. ಕಪ್ಪು ಬಣ್ಣದ್ದು, ಸ್ವಲ್ಪ ಬಾಗಿದ್ದು.

"ಆಗಿನಿಂದ ಚುಚ್ತಾ ಇತ್ತು" ಎಂದು ಅದನ್ನು ಧರಣೇಂದ್ರನ ಎಣ್ಣೆಗೈಯಲ್ಲಿ ಇಟ್ಟರು.

ಧರಣೇಂದ್ರ ಕೈ ಮುಚ್ಚಲಿಲ್ಲ. ಪಿನ್ನನ್ನು ನೋಡಿದ, ಸೀಟನ್ನು ನೋಡಿದ. ಎಂಟೂವರೆಯೋ ಹನ್ನೊಂದೋ ಎಂದು ಮತ್ತೆ ಕೇಳಲಿಲ್ಲ.

ಗುರುಮಲ್ಲಪ್ಪ ಖಾಲಿ ಲೋಟವನ್ನು ಗ್ಯಾರೇಜಿನ ಪಕ್ಕದ ಟೀ ಅಂಗಡಿಯ ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದರು: "ಟೀ ದುಡ್ಡು ನೀನು ಕೊಟ್ಬಿಡು ಧರಣಿ, ಇಷ್ಟು ಹೊತ್ತು ಕೂತ ಸೀಟಿನ ಬಾಡಿಗೆ ನಾನು ಪದ್ಮಲತಳಿಗೇ ಕೊಡ್ತೀನಿ."